ಒಂದಿರಬೇಕು, ಎರಡು ಬಂದಿವೆ

ನಮ್ಮ ಮಾಳಿಗೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗಿರುವ ದಾನೇಶ್ವರಿಗೆ ಒಂದು ಚಟ. ನನ್ನ ಫೋನಿಗೆ ಮೆಸೇಜು ಹಾಕಿ ಸುಮ್ಮನಿರುವುದು ಅವಳಿಗೆ ಗೊತ್ತಿಲ್ಲ. ಹಾಕಿದ ಮರುಗಳಿಗೆಗೆ ಮೇಲಿನ ಕಟ್ಟೆಗೆ ಬಂದು ಬಗ್ಗಿ, "ಅಕ್ಕೋರ, ಮುಟ್ಟಿತೇನ್ರಿ?" ಎಂದು ಕೂಗುತ್ತಾಳೆ. ನಾನು ಅಂಗಳದಲ್ಲಿ ಕುಳಿತು ರಾಜಗಿರಿ ಸೊಪ್ಪು ಸೋಸುತ್ತಿರುತ್ತೇನೆ. ಫೋನು ಒಳಗೆ ಎಲ್ಲೋ ಬಿದ್ದಿರುತ್ತದೆ. "ಏನ್ ಕಳಿಸಿದ್ಯವಾ?" ಎಂದರೆ, "ನಾಳೆ ನಳಾ ಬರೂದಿಲ್ಲಂತ್ರಿ, ಅದನ್ನ ಬರದೇನಿ" ಎನ್ನುತ್ತಾಳೆ. ಇಷ್ಟು ಕೂಗುವವಳು ಅದನ್ನೇ ಕೂಗಿ ಹೇಳಬಾರದೇ ಎಂದು ನಾನು ಬೈಯುತ್ತೇನೆ. ಬೈಸಿಕೊಂಡು ನಗುತ್ತಾಳೆ. ಆದರೆ ಮುಟ್ಟಿತು ಎಂದು ನನ್ನ ಬಾಯಿಂದ ಬರುವವರೆಗೆ ಅಲ್ಲಿಂದ ಕದಲುವುದಿಲ್ಲ.

ನಾನು ಬಾದಾಮಿ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಕನ್ನಡ ಕಲಿಸಿ, ನಿವೃತ್ತಳಾಗಿ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಕಟ್ಟಿಸಿಕೊಂಡು ಕುಳಿತವಳು. ಹೆಸರು ಮಹೇಶ್ವರಿ, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ಎಲ್ಲರಿಗೂ ನಾನು ಅಕ್ಕೋರು. ವಿದ್ಯಾಗಿರಿ ಎಂದರೆ ಕಾಲೇಜು ಹುಡುಗರ ಕಾರುಬಾರು. ಖೋಲಿ ಕೇಳಿಕೊಂಡು ಬರುತ್ತಾರೆ, ಗೋಡೆಯ ತುಂಬ ಮೊಳೆ ಹೊಡೆದು ಹೋಗುತ್ತಾರೆ. ಅವರ ಕಾಟ ಸಾಕಾಗಿ, ಕೊಟ್ಟರೆ ಹೆಣ್ಣುಮಗಳಿಗೇ ಕೊಡುತ್ತೇನೆಂದು ಹಟ ಹಿಡಿದಾಗ ಬಂದವಳು ಇವಳು. ನಲವತ್ತರ ಆಸುಪಾಸು. ಒಂದು ಟ್ರಂಕು, ಒಂದು ಗ್ಯಾಸಿನ ಒಲೆ, ಒಂದು ಲ್ಯಾಪ್‌ಟಾಪು. ಇವಳು ಮೊಳೆ ಹೊಡೆಯಲಿಲ್ಲ. ಗೋಡೆಗೆ ತೂಗುಹಾಕಲು ಅವಳ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಮದುವೆ ಯಾಕೆ ಆಗಲಿಲ್ಲ, ತವರು ಎಲ್ಲಿ, ಯಾರೂ ಬಂದು ಹೋಗುವುದಿಲ್ಲವಲ್ಲ ಎಂದು ಓಣಿಯ ಹೆಂಗಸರು ನನ್ನನ್ನು ಕೇಳಿದರು. ನಿಮ್ಮ ನಿಮ್ಮ ಒಲೆಯ ಮೇಲಿನ ಹಾಲು ನೋಡಿಕೊಳ್ಳಿರಿ ಎಂದು ಬಾಯಿ ಮುಚ್ಚಿಸಿದೆ. ಹಾಗೆಂದು ನನಗೆ ಕುತೂಹಲ ಇರಲಿಲ್ಲವೆಂದಲ್ಲ. ನಾಗರ ಪಂಚಮಿ ಬಂತೆಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಯಲು ಬರುತ್ತಾರೆ. ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಇಡೀ ಓಣಿ ಬರಿದಾಗುವ ಆ ದಿನ ದಾನೇಶ್ವರಿ ಎಂದಿನಂತೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದಳು. ಸಂಜೆ ನಾನು ಶೇಂಗಾ ಉಂಡಿ, ಎಳ್ಳಿನ ಉಂಡಿ ಒಯ್ದು ಕೊಟ್ಟರೆ ಬಾಗಿಲಲ್ಲೇ ನಿಂತು ತಿನ್ನುತ್ತಿದ್ದಳು, ಒಳಗೆ ಒಯ್ದು ಒಬ್ಬಳೇ ತಿನ್ನಲು ಮನಸ್ಸಾಗದವರ ಹಾಗೆ.

ಅವಳ ಉದ್ಯೋಗ ಏನೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಕೇಳಿದರೆ, "ಮೇಲ್ ಕಳಸೂದ್ರಿ, ಮುಟ್ಟಿತೋ ಇಲ್ಲೋ ನೋಡೂದ್ರಿ" ಎನ್ನುತ್ತಿದ್ದಳು. ಇದಕ್ಕೂ ಸಂಬಳ ಕೊಡುತ್ತಾರಾ ಎಂದು ನಾನು ಬೆರಗಾದೆ. ಝೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂತೋಷಕುಮಾರ ಎನ್ನುವವನು ಸಣ್ಣದೊಂದು ಕಂಪನಿ ಇಟ್ಟಿದ್ದಾನೆ. ಇಲ್ಲಿಯೇ ಎಂಜಿನಿಯರಿಂಗ್ ಓದಿದ ಹುಡುಗ. ಇಳಕಲ್ಲಿನ ಸೀರೆ ಅಂಗಡಿಗಳಿಗೆ ದೂರದೂರದ ಊರುಗಳಿಂದ ಸೀರೆ ತರಿಸಿಕೊಳ್ಳುವವರಿದ್ದಾರಲ್ಲ, ಅವರಿಗೆ ಅಂಗಡಿಯ ಪರವಾಗಿ ತಾನಾಗಿಯೇ ಮೇಲ್ ಹೋಗುವಂತೆ ಇವರು ಪ್ರೋಗ್ರಾಂ ಬರೆದುಕೊಡುತ್ತಾರೆ. ನಿಮ್ಮ ಸೀರೆ ಮಗ್ಗದಿಂದ ಇಳಿದಿದೆ, ಇವತ್ತು ಪಾರ್ಸೆಲ್ ಹೊರಟಿದೆ, ಹೀಗೆ. ಹೋಗಬೇಕಾದ ಮೇಲ್ ಹೋಗುತ್ತದೋ, ಹೋದದ್ದು ಸರಿಯಾಗಿ ಮುಟ್ಟುತ್ತದೋ ಎಂದು ಪರೀಕ್ಷೆ ಮಾಡುವುದು ದಾನೇಶ್ವರಿಯ ಕೆಲಸ.

ಒಂದು ರವಿವಾರ ಲ್ಯಾಪ್‌ಟಾಪನ್ನು ಅಂಗಳಕ್ಕೆ ತಂದು ನನಗೆ ತೋರಿಸಿದಳು. ರೂಬಿ ಎನ್ನುವುದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಯಂತೆ. ಮೇಲ್ ಕಟ್ಟುವುದು, ಕಳಿಸುವುದು, ಬಂದದ್ದನ್ನು ತೆರೆದು ಓದುವುದು, ಇವನ್ನೆಲ್ಲ ಯಾರೋ ಪುಣ್ಯಾತ್ಮರು ಆ ಭಾಷೆಯಲ್ಲಿ ಮೊದಲೇ ಬರೆದಿಟ್ಟಿದ್ದಾರೆ. ಬೇಕಾದವರು ತೆಗೆದುಕೊಂಡು ಬಳಸಬಹುದು. ಅದಕ್ಕೆ ಲೈಬ್ರರಿ ಎನ್ನುತ್ತಾರೆ. ನಮ್ಮ ಶಾಲೆಯ ಲೈಬ್ರರಿ ಎಂದರೆ ಕೀಲಿ ಹಾಕಿದ ಒಂದು ಕಪಾಟು, ಕೀಲಿ ಹೆಡ್‌ಮಾಸ್ತರರ ಕಿಸೆಯಲ್ಲಿ. ಇದು ಅದಕ್ಕಿಂತ ವಾಸಿ ಎಂದುಕೊಂಡೆ.

"ಇದರಾಗ ಎರಡು ದಾರಿ ಅದಾವ್ರಿ ಅಕ್ಕೋರ" ಎಂದಳು. "ಒಂದು ಖರೆ ದಾರಿ. ಅದರಾಗ ಬಿಟ್ರ ಮೇಲ್ ಹೊರಗ ಹೋಗತೈತಿ. ಇನ್ನೊಂದು ಬರೇ ಪರೀಕ್ಷಾದ ದಾರಿ. ಅದರಾಗ ಬಿಟ್ರ ಹೋದಂಗ ಮಾಡತೈತಿ, ಹೋಗೂದಿಲ್ಲ. ಇಲ್ಲೇ ಒಳಗ ಒಂದು ಬುಟ್ಟಿ ಇದ್ದಂಗ, ಅದರಾಗ ಬೀಳತೈತಿ. ಬುಟ್ಟಿಯಾಗ ಎಷ್ಟು ಬಿದ್ದಾವ, ಯಾರ ಹೆಸರೀಲೆ ಅದಾವ, ಒಳಗ ಏನ್ ಬರದೈತಿ, ಎಲ್ಲಾ ಪ್ರೋಗ್ರಾಂ ನೋಡತೈತಿ. ಸರಿ ಇದ್ರ ಹಸಿರು, ತಪ್ಪಿದ್ರ ಕೆಂಪು."

"ಆಮ್ಯಾಲ ಬುಟ್ಟಿಯಾಗಿಂದು?"

"ಪ್ರೋಗ್ರಾಂ ಮುಗೀತಂದ್ರ ಬುಟ್ಟಿ ಖಾಲಿ. ಯಾರೂ ಓದಂಗಿಲ್ರಿ."

ಗುಂಡಿ ಒತ್ತಿದಳು. ಹಸಿರು ಬಂತು. ನನಗೆ ಬಣ್ಣಕ್ಕಿಂತ ಒಳಗಿನ ಅಕ್ಷರದ ಮೇಲೆ ಕಣ್ಣು, ಹುಟ್ಟುಗುಣ ಎಲ್ಲಿ ಹೋಗುತ್ತದೆ. ಪರೀಕ್ಷೆಯ ಮೇಲ್ ಎಂದರೆ ಏನೋ ಅರ್ಥವಿಲ್ಲದ್ದು ತುಂಬಿರುತ್ತದೆ ಎಂದುಕೊಂಡಿದ್ದೆ. ಕನ್ನಡ ಅಕ್ಷರ ದಾರಿಯಲ್ಲಿ ಕೆಟ್ಟು ಪ್ರಶ್ನೆಯ ಗುರುತು, ಚೌಕದ ಡಬ್ಬಿ ಆಗುತ್ತವೋ ಎಂದು ನೋಡಲು ಇವಳು ದಿನವೂ ಹೊಸದಾಗಿ ಕನ್ನಡದಲ್ಲೇ ಬರೆಯುತ್ತಿದ್ದಳು. ಆ ದಿನದ್ದು ಹೀಗಿತ್ತು: "ಅವ್ವಾ, ನಿನ್ನೆ ಬಸ್ಸಿನ್ಯಾಗ ಒಬ್ಬಾಕಿ ನಿನ್ನಂಗ ಸೆರಗು ಹೊತ್ತಿದ್ಲು. ಅಕಿ ಅಮೀನಗಡಕ್ಕ ಇಳಿಯೂತನಕ ಅಕಿ ಬೆನ್ನ ನೋಡಿಕೋತ ಕುಂತೆ. ಇಳಕಲ್ಲ ಅಂಗಡಿಯವ್ರು ಒಂದು ಸೀರಿ ಫೋಟೋ ಕಳಿಸ್ಯಾರ. ಸೆರಗಿಗೆ ಕೊಂಡಿ ಹಾಕಿದ್ದು ಛಲೋ ಇಲ್ಲ. ನೀ ಇದ್ದಿದ್ರ ಅವರ ಮುಂದನ ಬೈತಿದ್ದಿ."

ಮೇಲೆ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಗುರುಲಿಂಗವ್ವ ಕುಬಸದ ಎಂದಿತ್ತು.

"ಇವರು ಯಾರು?"

"ನಮ್ಮವ್ವ."

"ಇಳಕಲ್ಲಿನ್ಯಾಗ ಅದಾರೇನು?"

"ಇಲ್ರಿ. ತೀರಿಕೊಂಡಾಳ. ಅಕಿಗೆ ಮೇಲ್ ಅಂದ್ರ ಏನಂತನೂ ಗೊತ್ತಿರಲಿಲ್ಲ. ಯಾರದೂ ಅಲ್ಲದ ವಿಳಾಸ ಬೇಕಿತ್ತು, ಅದಕ್ಕ ಅಕಿ ಹೆಸರು ಹಾಕೇನಿ."

ಇಷ್ಟು ಹೇಳಿ ಲ್ಯಾಪ್‌ಟಾಪು ಮುಚ್ಚಿದಳು. ಹೊರಗೆ ಹೋಗದ ಮೇಲ್, ಇಲ್ಲದ ತಾಯಿ, ಓದುವ ಮೊದಲೇ ಖಾಲಿಯಾಗುವ ಬುಟ್ಟಿ. ನನಗೆ ಯಾಕೋ ಸಿಟ್ಟು ಬಂದು, ಚಹಾ ಆರಿತು ಕುಡಿ ಎಂದು ಗದರಿಸಿದೆ.

ಅವತ್ತಿನಿಂದ ಅವಳು ನನ್ನೊಂದಿಗೆ ಸ್ವಲ್ಪ ಸ್ವಲ್ಪ ಮಾತಾಡತೊಡಗಿದಳು. ಇಳಕಲ್ಲಿನ ಮನೆ. ತಂದೆ ಇವಳು ಸಣ್ಣವಳಿದ್ದಾಗಲೇ ಹೋದರು. ತಾಯಿ ನೇಕಾರರಿಗೆ ನೂಲಿನ ಕಂಡಿಕಿ ಸುತ್ತಿಕೊಡುತ್ತ, ಸೆರಗಿನ ನೂಲಿಗೂ ಒಡಲಿನ ನೂಲಿಗೂ ಕೊಂಡಿ ಹಾಕಿಕೊಡುತ್ತ ಇಬ್ಬರನ್ನು ಬೆಳೆಸಿದಳು. ಅಣ್ಣ ಮಹಾಂತೇಶ ಗ್ರಾನೈಟ್ ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಸೇರಿದ. ಇವಳು ಕಂಪ್ಯೂಟರ್ ಕಲಿತು ಬಾಗಲಕೋಟೆಗೆ ಬಂದು ದುಡಿಯತೊಡಗಿದಳು. ದಿನಾ ಸಂಜೆ ಕೆಲಸ ಬಿಟ್ಟೊಡನೆ ತಾಯಿಗೆ ಫೋನು. ಉಂಡೆಯಾ, ಮಲಗಿದೆಯಾ, ಅಷ್ಟೆ.

ಒಂದು ಸಂಜೆ ಹಾಗೆ ಫೋನು ಮಾಡಿದಾಗ ಬೇರೆ ಯಾರೋ ಹೆಂಗಸು ಎತ್ತಿದಳು. "ಅವ್ವಗ ಕೊಡ್ರಿ" ಎಂದಳು ದಾನೇಶ್ವರಿ. "ಅವ್ವಗ ಇನ್ನೆಲ್ಲಿ ಕೊಡೂದವಾ. ಮಣ್ಣಾತಲ್ಲ ಈಗರ" ಎಂದಿತು ಆ ದನಿ.

ಬೆಳಿಗ್ಗೆ ಹೋಗಿದ್ದ ಜೀವ. ಹುನಗುಂದ ದಾಟಿದರೆ ಇಳಕಲ್ಲು, ಬೆಳಿಗ್ಗೆ ಹೇಳಿದ್ದರೆ ಮಧ್ಯಾಹ್ನಕ್ಕೆ ಹೆಣದ ಮುಂದೆ ಕುಳಿತಿರುತ್ತಿದ್ದಳು. ಯಾರೂ ಹೇಳಲಿಲ್ಲ. ಸಿಕ್ಕ ಬಸ್ಸು ಹತ್ತಿ ಹೋದಾಗ ಮನೆಯ ಮುಂದಿನ ಅಂಗಳ ತೊಳೆದಾಗಿತ್ತು. ಮಹಾಂತೇಶ ಕಟ್ಟೆಯ ಮೇಲೆ ಕುಳಿತಿದ್ದವನು ತಲೆಯೆತ್ತಿ ನೋಡಿ, "ಈಗ ಬಂದ್ಯಾ?" ಎಂದ. ಅಷ್ಟೇ ಮಾತು. ತನಗೆ ತಿಳಿಸದೆ ತಾಯಿಯನ್ನು ಮಣ್ಣು ಮಾಡಿ ಮೇಲೆ ಚುಚ್ಚಿ ಬೇರೆ ಮಾತಾಡುತ್ತಾನೆ ಎಂದು ಇವಳ ಹೊಟ್ಟೆಗೆ ಬೆಂಕಿ ಬಿತ್ತು. ಒಂದು ಮಾತೂ ಆಡದೆ ಸಮಾಧಿಯ ಹತ್ತಿರ ಹೋಗಿ ಕುಳಿತು, ಮರುದಿನದ ಮೊದಲ ಬಸ್ಸಿಗೆ ತಿರುಗಿ ಬಂದಳು. ಆಮೇಲೆ ಆ ಮನೆಗೆ ಕಾಲಿಡಲಿಲ್ಲ. ಅಣ್ಣನ ಮದುವೆಯಾಯಿತು, ಹೆಣ್ಣು ಕೂಸು ಹುಟ್ಟಿತು, ಅದನ್ನು ಸಣ್ಣವ್ವ ಎಂದು ಕರೆಯುತ್ತಾರೆ ಎಂದು ಯಾರೋ ಪರಿಚಯದವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ್ದರಂತೆ. ಹದಿನೈದು ಹದಿನಾರು ವರ್ಷ ಕಳೆದುಹೋದವು.

"ನನಗ ಯಾರೂ ಹೇಳಲಿಲ್ಲ ಅಂತ ಬಾಯಿ ಬಿಟ್ಟು ಅನ್ನಬಾರದಾಗಿತ್ತೇನು ಅವಗ?" ಎಂದು ಕೇಳಿದೆ.

"ಹೇಳದಾವಗ ಗೊತ್ತಿರತೈತಲ್ರಿ ಅಕ್ಕೋರ, ಹೇಳಿಲ್ಲಂತ."

"ಮುಟ್ಟಿತೇನ್ರಿ" ಎನ್ನುವ ಅವಳ ಚಟ ಎಲ್ಲಿಂದ ಬಂತೆಂದು ನನಗೆ ಅಂದು ತಿಳಿಯಿತು. ಮತ್ತೆ ಅದಕ್ಕಾಗಿ ಬೈಯಲಿಲ್ಲ.

ಮಳೆಗಾಲದ ಹೊತ್ತಿಗೆ ಸಂತೋಷಕುಮಾರನ ಪ್ರೋಗ್ರಾಂ ಅಂಗಡಿಗಳಿಗೆ ಹೋಗಲು ತಯಾರಾಯಿತು. ಬುಟ್ಟಿಯ ಆಟ ಸಾಕು, ಇನ್ನು ಖರೆ ದಾರಿಯಲ್ಲಿ ಕಳಿಸಿ ನೋಡಿರಿ ಎಂದು ಅವನು ಹೇಳಿದ. ಅದಕ್ಕಾಗಿ ಕಂಪನಿಯ ಹೆಸರಿನಲ್ಲಿ ಪರೀಕ್ಷೆಗೆಂದೇ ಒಂದು ಮೇಲ್ ಡಬ್ಬಿ ಮಾಡಿದರು. ದಾನೇಶ್ವರಿಯ ಪ್ರೋಗ್ರಾಂ ದಿನಾ ಬೆಳಿಗ್ಗೆ ಆ ಡಬ್ಬಿಯ ಹೆಸರಿನಿಂದಲೇ ಆ ಡಬ್ಬಿಗೇ ಒಂದು ಮೇಲ್ ಕಳಿಸಬೇಕು, ಸ್ವಲ್ಪ ತಡೆದು ತಾನೇ ಡಬ್ಬಿ ತೆರೆಯಬೇಕು, ಎಣಿಸಬೇಕು. ಒಂದು ಇದ್ದರೆ ಹಸಿರು. ಕೆಲಸ ಮುಗಿದ ಮೇಲೆ ತಾನು ಕಳಿಸಿದ್ದನ್ನು ತಾನೇ ಅಳಿಸಿ ಹೋಗಬೇಕು, ಮರುದಿನಕ್ಕೆ ಡಬ್ಬಿ ಖಾಲಿ ಇರಲಿ ಎಂದು.

ದಾರಿ ಬದಲಿಸಿದಳು, ಮೊದಲ ವಿಳಾಸ ಬದಲಿಸಿದಳು. ಅದರ ಕೆಳಗೆ ಇನ್ನೊಂದು ಪ್ರತಿ ಹೋಗುವ ಜಾಗದಲ್ಲೂ ತಾಯಿಯ ಹೆಸರಿನ ವಿಳಾಸವನ್ನೇ ಹಾಕಿದ್ದಳು, ಅದು ಹಾಗೆಯೇ ಉಳಿಯಿತು. ನೋಡಿ ನೋಡಿ ರೂಢಿಯಾದದ್ದು ಕಣ್ಣಿಗೆ ಬೀಳುವುದಿಲ್ಲ. ದಿನಾ ಹಸಿರು ಬರುತ್ತಿತ್ತು. ಸಂತೋಷಕುಮಾರ ಬಣ್ಣ ನೋಡುವವನು, ಒಳಗಿನ ಅಕ್ಷರ ಓದುವ ಪೈಕಿ ಅಲ್ಲ. ಇವಳಂತೂ ಬುಟ್ಟಿಯ ಕಾಲದ ಧೈರ್ಯದಲ್ಲೇ ಬರೆಯುತ್ತ ಹೋದಳು. ಒಬ್ಬಳಿಗಾಗಿ ರೊಟ್ಟಿ ಬಡಿಯುವ ಬೇಸರ, ಅಕ್ಕೋರ ಬೈಗುಳ, ತಲೆಯಲ್ಲಿ ಕಂಡ ಬಿಳಿ ಕೂದಲು. ಪಂಚಮಿ ಹತ್ತಿರ ಬಂದಾಗ ಹೊಟ್ಟೆಯೊಳಗಿದ್ದದ್ದೂ ಬಂತು: "ಅವ್ವಾ, ನೀ ಹೋದದ್ದು ನನಗ ಯಾರೂ ಹೇಳಲಿಲ್ಲ. ನಿನ್ನ ಫೋನಿಗೆ ಮಾಡಿದಾಗನ ಗೊತ್ತಾತು. ಕಡೀಕ ಒಂದು ಸಲ ಮಾರಿ ನೋಡಲಿಲ್ಲ. ಅಣ್ಣಗ ನಾ ಅಷ್ಟು ಬ್ಯಾಡಾಗಿದ್ನೇನು? ನೀನರ ಕೇಳ ಅವನ್ನ."

ಅದರ ಮರುದಿನ ನಾನು ಒಗೆದ ಬಟ್ಟೆ ಹಿಂಡಿ ಹಾಕುತ್ತಿದ್ದೆ. ಆಫೀಸಿಗೆ ಹೋದವಳು ಹನ್ನೆರಡು ಗಂಟೆಗೇ ತಿರುಗಿ ಬಂದಳು. ತೆರೆದ ಲ್ಯಾಪ್‌ಟಾಪನ್ನು ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಕೆಂಪು ಬಂದೈತ್ರಿ ಅಕ್ಕೋರ. ಒಂದಿರಬೇಕು, ಎರಡು ಬಂದಾವ."

ಒಂದು ಹೆಚ್ಚು ಬಂದರೆ ಇಷ್ಟು ಗಾಬರಿ ಯಾಕೆ ಎಂದು ನನಗೆ ತಿಳಿಯಲಿಲ್ಲ. ಕಟ್ಟೆಯ ಮೇಲೆ ಕೂಡಿಸಿ, ಕೈ ಒರೆಸಿಕೊಂಡು, ಕನ್ನಡಕ ತಂದು ಓದಿದೆ.

"ನಮಸ್ತೆ. ನೀವು ದಿನಾಲು ನನಗೆ ಮೇಲ್ ಕಳಿಸುತ್ತಿದ್ದೀರಿ. ನಾನು ನಿಮ್ಮ ಅವ್ವ ಅಲ್ಲ. ನಾನು ಎಂಟನೇ ತರಗತಿಯಲ್ಲಿ ಓದುತ್ತಿದ್ದೇನೆ. ನನಗೆ ನಮ್ಮ ಅಜ್ಜಿಯ ಹೆಸರು ಇಟ್ಟಿದ್ದಾರೆ. ಮೊದಲು ನಾನು ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದು ತಿಳಿದೆ. ನಿನ್ನೆ ಬಂದಿದ್ದನ್ನು ಅಪ್ಪನಿಗೆ ತೋರಿಸಿದೆ. ಅಪ್ಪ ಓದಿ ಊಟ ಮಾಡಲಿಲ್ಲ. ನೀವು ಯಾರು? ಇಂತಿ, ಗುರುಲಿಂಗವ್ವ ಮ. ಕುಬಸದ, ಇಳಕಲ್ಲ."

ಹಿರಿಯರು ಹೋದ ಮೇಲೆ ಹುಟ್ಟಿದ ಮೊದಲ ಕೂಸಿಗೆ ಅವರ ಹೆಸರಿಡುವುದು ನಮ್ಮ ಕಡೆ ಇದ್ದದ್ದೇ. ಆದರೆ ಈ ಕಾಲದಲ್ಲಿ ಹುಡುಗಿಗೆ ಶಾಲೆಯಲ್ಲೂ ಗುರುಲಿಂಗವ್ವ ಎಂದೇ ಬರೆಸುವವರು ಎಷ್ಟು ಜನ? ತೊಟ್ಟಿಲಲ್ಲಿ ಆ ಹೆಸರು ಕೂಗಿ, ಶಾಲೆಗೆ ಬೇರೆ ಚಂದದ ಹೆಸರು ಕೊಡುತ್ತಾರೆ. ಮಹಾಂತೇಶ ಹಾಗೆ ಮಾಡಿರಲಿಲ್ಲ. ಇನ್ನು ಸೊಸೆಯಾದವಳು ಅತ್ತೆಯ ಹೆಸರು ಬಾಯಿಂದ ಆಡಬಾರದು. ಅದಕ್ಕೆ ಮನೆಯಲ್ಲಿ, ಓಣಿಯಲ್ಲಿ ಎಲ್ಲರ ಬಾಯಲ್ಲೂ ಆ ಹುಡುಗಿ ಸಣ್ಣವ್ವ. ಬಸ್‌ಸ್ಟ್ಯಾಂಡಿನ ಸುದ್ದಿಯಲ್ಲಿ ಇವಳಿಗೆ ಮುಟ್ಟಿದ್ದು ಆ ಹೆಸರು ಮಾತ್ರ. ಯಾರದೂ ಅಲ್ಲ ಎಂದು ಇವಳು ಆರಿಸಿಕೊಂಡ ವಿಳಾಸ ಅಣ್ಣನ ಮಗಳದಾಗಿತ್ತು.

"ಇಲ್ಲದ ವಿಳಾಸಕ್ಕ ಹೋಗಿದ್ರ ಮೇಲ್ ತಿರುಗಿ ಬರಬೇಕಾಗಿತ್ರಿ" ಎಂದಳು, ತನಗೇ ಹೇಳಿಕೊಳ್ಳುವಂತೆ. "ಖರೆ ದಾರಿ ಹಿಡಿದ ಮೊದಲನೇ ದಿನಾನ ಎರಡಾಗಬೇಕಾಗಿತ್ತು. ಆಗಲಿಲ್ಲ. ನನಗ ತಿಳೀಲೇ ಇಲ್ಲ ನೋಡ್ರಿ."

"ಅದು ಹಾಳಾಗಿ ಹೋಗ್ಲಿ. ಆ ಕೂಸಿಗೆ ಜವಾಬು ಬರಿ. ನಾ ನಿಮ್ಮ ಅತ್ತಿ ಅದೇನಿ ಅಂತ ಬರಿ."

ತಲೆ ಅಲ್ಲಾಡಿಸಿದಳು. "ಅಣ್ಣ ಉಂಡಿಲ್ಲಂತ. ಭಾಳ ಸಿಟ್ಟಾಗಿರಬೇಕು. ನಾ ಕಳಿಸಿದ್ದಲ್ರಿ ಅದು, ಕೈತಪ್ಪಿ ಹೋಗೇತಿ. ಅವ್ವನ ಮುಂದ ಆಡಿದ್ದು."

"ಸಿಟ್ಟಿಗೆ ಊಟ ಬಿಡೂ ಗಂಡಸರನ್ನ ನಾ ಕಂಡಿಲ್ಲವಾ. ಸಿಟ್ಟು ಬಂದ್ರ ಇನ್ನೊಂದು ರೊಟ್ಟಿ ಹೆಚ್ಚು ತಿಂತಾರ" ಎಂದೆ. ನಗಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸಂಜೆಯೇ ಪ್ರೋಗ್ರಾಂನಿಂದ ಆ ವಿಳಾಸ ತೆಗೆದುಹಾಕಿದಳು, ಹುಡುಗಿಯ ಮೇಲ್ ಅನ್ನು ಡಬ್ಬಿಯಿಂದ ತೆಗೆದು ಬೇರೆ ಕಡೆ ಇಟ್ಟಳು, ಅವಳಿಗೆ ಜವಾಬು ಬರೆಯಲಿಲ್ಲ.

ಮರುದಿನದಿಂದ ಮತ್ತೆ ಹಸಿರು. ಒಂದಿರಬೇಕು, ಒಂದೇ ಇತ್ತು. ಸಂತೋಷಕುಮಾರನಿಗೆ ಸಮಾಧಾನ. ಆದರೆ ದಾನೇಶ್ವರಿ ಅಲ್ಲಿಂದ ಮುಂದೆ ಇಳಿದುಹೋದಳು. ಕಟ್ಟೆಗೆ ಬಂದು ಬಗ್ಗುವುದು ನಿಂತಿತು. ಮೆಸೇಜೂ ಇಲ್ಲ, ಮುಟ್ಟಿತೇನ್ರಿ ಎಂಬ ಕೂಗೂ ಇಲ್ಲ. ಒಂದು ದಿನ ರೊಟ್ಟಿ ಪಲ್ಯ ಒಯ್ದು ಕೊಡಲು ಮೇಲೆ ಹೋದೆ. ಲ್ಯಾಪ್‌ಟಾಪು ತೆರೆದಿತ್ತು. ಅಂದಿನ ಪರೀಕ್ಷೆಯ ಮೇಲ್‌ನಲ್ಲಿ ಏನು ಬರೆದಿದ್ದಾಳೆಂದು ಇಣುಕಿದೆ. ಅ ಆ ಇ ಈ ಉ ಊ. ಕೆಳಗೆ ಕ ಖ ಗ ಘ. ಒಂದನೇ ತರಗತಿಯ ಮಕ್ಕಳಿಗೆ ನಾನು ಬರೆಸುತ್ತಿದ್ದ ಹಾಗೆ ಕೊನೆಯ ಅಕ್ಷರದವರೆಗೆ.

"ಅವ್ವಗ ಯಾಕ ಬರ್ಯೂದಿಲ್ಲ ಈಗ? ಬುಟ್ಟಿ ಐತೆಲ್ಲ ನಿಂದು."

"ಆಗವಲ್ತರಿ ಅಕ್ಕೋರ" ಎಂದಳು. "ಯಾರೂ ಓದೂದಿಲ್ಲಂತ ಬರೀತಿದ್ದೆ. ಈಗ ಅಕಿ ಹೆಸರು ಟೈಪ್ ಮಾಡಾಕ ಹೋದ್ರ ಆ ಹುಡುಗಿ ಕಣ್ಣಮುಂದ ಬರತೈತಿ. ಅಕಿ ಮಾರಿನೂ ನಾ ನೋಡಿಲ್ಲ."

ಅಂದರೆ ತಾಯಿಯೂ ಹೋದಳು, ಎರಡನೇ ಸಲ. ರೊಟ್ಟಿಯ ತಟ್ಟೆಯನ್ನು ಅಲ್ಲಿಟ್ಟು ಕೆಳಗೆ ಬಂದು ನಮ್ಮ ಮನೆಯವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ನಲವತ್ತು ವರ್ಷದ ರೂಢಿ ಅವರಿಗೆ.

ಪಂಚಮಿಗೆ ಇನ್ನೇನು ನಾಲ್ಕು ದಿನ ಇದೆ ಎನ್ನುವಾಗ, ನಾನು ಉಂಡಿಗೆಂದು ಶೇಂಗಾ ಹುರಿಯುತ್ತ ಕುಳಿತಿದ್ದೆ. ಮತ್ತೆ ಅದೇ ಹೊತ್ತಿಗೆ ಬಂದಳು. ಈ ಸಲ ಚಪ್ಪಲಿ ಇತ್ತು, ಬಣ್ಣ ಮಾತ್ರ ಇರಲಿಲ್ಲ ಮುಖದಲ್ಲಿ.

"ಮತ್ತ ಎರಡು ಬಂದಾವ್ರಿ. ನೀವ ಓದ್ರಿ. ನನಗ ಧೈರ್ಯ ಇಲ್ಲ."

ಒಲೆ ಆರಿಸಿ ಓದಿದೆ. ಹುಡುಗಿಯ ವಿಳಾಸದಿಂದಲೇ ಬಂದಿತ್ತು. ಮಾತು ಬೇರೆಯವರದು.

"ದಾನಿ, ನಾ ಹೇಳೂದನ್ನ ಸಣ್ಣವ್ವ ಬರ್ಯಾಕತ್ತಾಳ. ಅವತ್ತ ನಾ ಅವ್ವನ ತಲಿ ಕಡೆ ಕುಂತಿದ್ದೆ. ಹೆಣ ಇದ್ದ ಮನ್ಯಾವರು ಫೋನ್ ಹಿಡೀಬಾರದು ಅಂತ ಹಿರ್ಯಾರು ಅವ್ವನ ಫೋನ್ ಬಾಜೂ ಮನಿ ಚಂದಪ್ಪ ಕಾಕಾನ ಕೈಯಾಗ ಕೊಟ್ರು. ಎಲ್ಲಾರಿಗೂ ಹೇಳೇನಿ ಅಂದ. ಹೊತ್ತು ಏರಿತು, ಎತ್ತೂಣು ಅಂದ್ರು. ಮಗಳು ಬರಬೇಕು, ತಡೀರಿ ಅಂದೆ. ಹೊತ್ತು ಇಳಿಯೂತನಕ ತಡದೆ. ನೀ ಬರಲಿಲ್ಲ. ಬರಾಕ ಮನಸಿಲ್ಲ ಅಂತ ತಿಳಕೊಂಡೆ. ಅದಕ್ಕ ಹಂಗ ಕೇಳಿದೆ. ನೀ ಬರದದ್ದು ಓದಿ ಚಂದಪ್ಪ ಕಾಕಾನ ಮನಿಗೆ ಹೋಗಿ ಕೇಳಿದೆ. ಊರಿಗೆಲ್ಲ ಹೇಳಿದ್ನೆಪಾ, ಹೊಟ್ಟ್ಯಾನ ಮಗಳಿಗೆ ಮನ್ಯಾವರ ಮೊದಲ ಹೇಳಿರತಾರ ಅಂತ ಬಿಟ್ಟೆ ಅಂದ. ನಾ ಅವ ಹೇಳ್ಯಾನಂತ ಬಿಟ್ಟೆ. ಇಷ್ಟು ವರ್ಷ ಇಬ್ಬರೂ ಕೇಳಲಿಲ್ಲ ನೋಡು. ಅವ್ವನ ನಂಬರ ಬಂದ್ ಮಾಡಿಲ್ಲ. ನಿನಗ ಗೊತ್ತಿದ್ದ ನಂಬರ ಅದ ಅಂತ ಚಾಲೂ ಇಟ್ಟೇನಿ. ಇದು ನಿನಗ ಮುಟ್ಟಿತೋ ಇಲ್ಲೋ ನನಗ ತಿಳ್ಯಾಂಗಿಲ್ಲ. ಮುಟ್ಟಿದ್ರ ತಿಳಸು."

ಓದುವಾಗ ನನ್ನ ದನಿ ಒಂದೆರಡು ಕಡೆ ನಿಂತಿತು. ಸಾವಿರ ಮಕ್ಕಳ ಮುಂದೆ ಪಾಠ ಓದಿದವಳು ನಾನು. ದಾನೇಶ್ವರಿ ಅಳಲಿಲ್ಲ. ಬಾಣಲೆಯಲ್ಲಿನ ಶೇಂಗಾ ಒಂದೊಂದೇ ತೆಗೆದು ಸಿಪ್ಪೆ ಉಜ್ಜುತ್ತ ಕುಳಿತಳು.

"ತಡದಿದ್ನಂತ್ರಿ" ಎಂದಳು. "ಹೊತ್ತು ಇಳಿಯೂತನಕ."

"ಹೂಂ."

"ನಾ ಮಧ್ಯಾಹ್ನ ಇಲ್ಲೇ ಡಬ್ಬಿ ಬಿಚ್ಚಿ ಊಟ ಮಾಡಾಕತ್ತಿದ್ದೆ ಅವತ್ತ."

ನನಗೆ ಆ ಚಂದಪ್ಪನ ಮೇಲೆ, ಫೋನು ಕಸಿದುಕೊಂಡ ಹಿರಿಯರ ಮೇಲೆ, "ಈಗ ಬಂದ್ಯಾ" ಎಂದ ಅಣ್ಣನ ಮೇಲೆ, ಬಾಯಿ ಬಿಡದ ಇವಳ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಯಾರಿಗೆ ಬೈಯುವುದು? ಒಬ್ಬರೂ ಕೆಟ್ಟವರಲ್ಲ. ಕೆಟ್ಟವರು ಒಬ್ಬರಾದರೂ ಇದ್ದಿದ್ದರೆ ಸುಲಭವಿತ್ತು.

"ಜವಾಬು ಬರೀತಿ ಇಲ್ಲೋ?"

"ಮೇಲ್ ಬ್ಯಾಡ್ರಿ. ಅದು ಮುಟ್ಟಿತೋ ಇಲ್ಲೋ ಅಂತ ಮತ್ತ ಕಾಯಬೇಕು."

ಸಂಜೆ, ಹಿಂದೆ ಅವಳು ತಾಯಿಗೆ ಮಾಡುತ್ತಿದ್ದ ಹೊತ್ತಿಗೇ, ನಮ್ಮ ಅಂಗಳದ ಮೆಟ್ಟಿಲ ಮೇಲೆ ನಿಂತು ಫೋನು ಹಚ್ಚಿದಳು. ಆ ನಂಬರು ಅವಳ ಫೋನಿನಲ್ಲಿ ಇರಲಿಲ್ಲ, ಬೆರಳಿನಲ್ಲಿತ್ತು. ನನ್ನನ್ನು ಹೋಗಬೇಡಿರಿ ಎಂದು ಸೆರಗು ಹಿಡಿದು ನಿಲ್ಲಿಸಿಕೊಂಡಳು. ನಿಂತೆ. ಗಂಟೆ ಹೊಡೆಯುವುದು ನನಗೂ ಕೇಳುತ್ತಿತ್ತು. ಆ ಕಡೆ ಎತ್ತಿದರು.

"ಯಾರು ಮಾತಾಡೂದು?" ಎಂದಳು ದಾನೇಶ್ವರಿ.

ಸಣ್ಣ, ಚುರುಕು ದನಿ. ಶಾಲೆಯಲ್ಲಿ ಹಾಜರಿ ಕೂಗಿದಾಗ ಹೇಳುವಂತೆ ಹೇಳಿತು: "ನಾ ಗುರುಲಿಂಗವ್ವ ಮಾತಾಡಾಕತ್ತೇನ್ರಿ."

ದಾನೇಶ್ವರಿ ಮೆಟ್ಟಿಲ ಮೇಲೆ ಕುಳಿತಳು. ಫೋನು ಕಿವಿಯಿಂದ ತೆಗೆಯಲಿಲ್ಲ. ಆ ಕಡೆಯಿಂದ, "ಹಲೋ? ಹಲೋ? ಅಪ್ಪಗ ಕೊಡ್ಲೇನ್ರಿ? ಇಲ್ಲೇ ಬಾಜೂಕ ನಿಂತಾನ" ಎಂದು ಕೇಳುತ್ತಿತ್ತು.

"ಕೊಡೂವಂತಿ, ತಡಿ" ಎಂದಳು ದಾನೇಶ್ವರಿ. ಈಗ ಅಳುತ್ತಿದ್ದಳು. "ಅದಕ್ಕೂ ಮೊದಲ ನೀನ ಹೇಳವಾ ಅವಗ. ಮುಟ್ಟಿತಂತ ಹೇಳು."